ಚಿಪ್ ಮೇಲಿನ ಪೊರೆಯನ್ನು ಆಡಿಸುವುದು ಹೇಗೆ?

ಎಪ್ಸನ್ ಇಂಕ್‌ಜೆಟ್ ಪ್ರಿಂಟರಿನಲ್ಲಿ ಶಾಯಿಯ ಹನಿಯನ್ನು ಹೊರಗೆ ಚಿಮ್ಮಿಸುವುದು ಒಂದು ತೆಳು ಪೊರೆ. ಅಲ್ಟ್ರಾಸೌಂಡ್ ಚಿಪ್‌ಗಳಲ್ಲಿ, ಔಷಧಿ ಹನಿಸುವ ಮೈಕ್ರೋಪಂಪುಗಳಲ್ಲಿ ಕೂಡ ಇಂಥದೇ ಪೊರೆಗಳಿವೆ. ಇಷ್ಟು ಸಣ್ಣದಕ್ಕೆ ಮೋಟಾರು ಕಟ್ಟೋಕಾಗಲ್ಲ, ಅಲ್ವಾ? ಮತ್ತೇನು ದಾರಿ?

ಮೊದಲು, ಪೊರೆ ಎಷ್ಟು ದೂರ ಸರಿಯಬೇಕು, ಸೆಕೆಂಡಿಗೆ ಎಷ್ಟು ಸಲ ಆಡಬೇಕು ಎಂದು ಬರೆದುಕೊಳ್ಳಿ. ವಿಧಾನದ ಮಾತು ಆಮೇಲೆ. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಒಂದು ಮೈಕ್ರಾನಿನೊಳಗೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕೆಲಸ ಮುಗಿಯುವುದಾದರೆ ಸ್ಥಿರವಿದ್ಯುತ್ ಸಾಕು. ಪೊರೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟು ಒಂದು ಎಲೆಕ್ಟ್ರೋಡ್ ಇಡಿ. ವೋಲ್ಟೇಜ್ ಕೊಟ್ಟರೆ ಪೊರೆಯನ್ನು ಅದು ಸೆಳೆಯುತ್ತದೆ. ಕರೆಂಟ್ ಖರ್ಚು ಇಲ್ಲವೆನ್ನುವಷ್ಟು ಕಮ್ಮಿ. ತಕರಾರು ಬೇರೆ ಕಡೆ ಇದೆ. ಅಂತರ ಅರ್ಧವಾದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ, ಪೊರೆಯನ್ನು ವಾಪಸ್ ಎಳೆಯುವ ಬಲ ಅಷ್ಟು ಏರುವುದಿಲ್ಲ. ಸಮತಟ್ಟಾಗಿ ಇಳಿಯುವ ತಟ್ಟೆಯಾದರೆ, ಅಂತರದ ಮೂರನೇ ಒಂದು ಭಾಗ ದಾಟಿದ ಕೂಡಲೇ ದಡಕ್ಕನೆ ಕೆಳಗೆ ಬಿದ್ದು ಕಚ್ಚಿಕೊಳ್ಳುತ್ತದೆ. ಇದೇ ಪುಲ್-ಇನ್. ಅಂದರೆ 3 ಮೈಕ್ರಾನ್ ಜಾಗ ಬಿಟ್ಟರೂ ನೆಚ್ಚಿಕೊಳ್ಳಬಹುದಾದ್ದು 1 ಮೈಕ್ರಾನ್ ಮಾತ್ರ. ಜಾಗವನ್ನೇ ಇಮ್ಮಡಿ ಮಾಡೋಣ ಎಂದರೆ ಪುಲ್-ಇನ್ ವೋಲ್ಟೇಜ್ ಸುಮಾರು 2.8 ಪಟ್ಟಾಗುತ್ತದೆ. 20 ವೋಲ್ಟ್ ಇದ್ದದ್ದು 56 ದಾಟುತ್ತದೆ!

ಇಲ್ಲೊಂದು ಉಪಾಯ ಗೊತ್ತಿರಲಿ. ಪ್ಲಸ್-ಮೈನಸ್ ಅದಲುಬದಲು ಮಾಡಿದರೂ ಸೆಳೆತ ಅಷ್ಟೇ ಇರುತ್ತದೆ. ಹಾಗೆ ಬದಲಿಸುತ್ತಿದ್ದರೆ ಪೊರೆಗೂ ಎಲೆಕ್ಟ್ರೋಡಿಗೂ ನಡುವಿನ ನಿರೋಧಕ ಪದರದಲ್ಲಿ ಚಾರ್ಜ್ ಬಂದು ಕೂರುವುದು ಕಡಿಮೆಯಾಗುತ್ತದೆ.

ಬಲವೂ ಬೇಕು, ವೇಗವೂ ಬೇಕು ಎಂದರೆ ಪೀಜೋ ಹಿಡಿಯಿರಿ, ಅಂದರೆ ವೋಲ್ಟೇಜ್ ಕೊಟ್ಟರೆ ಆಕಾರ ಬದಲಿಸುವ ವಸ್ತು. ಪೊರೆಯ ಮೇಲೆ ಪಿಝಡ್‌ಟಿ ಎಂಬ ಪೀಜೋ ಸೆರಾಮಿಕ್‌ನ ಪದರ ಹಾಕುತ್ತಾರೆ. ವೋಲ್ಟೇಜ್ ಕೊಟ್ಟಾಗ ಅದು ಅಡ್ಡಕ್ಕೆ ಕುಗ್ಗುತ್ತದೆ, ಕೆಳಗಿನ ಪದರ ಕುಗ್ಗುವುದಿಲ್ಲ. ಪೊರೆ ಬಾಗಲೇಬೇಕು. ಎಪ್ಸನ್ ಬಳಸುವುದು ಪೀಜೋವನ್ನೇ. ಪಿಝಡ್‌ಟಿಯಲ್ಲಿ ಸೀಸ ಇರುವುದರಿಂದ ಚಿಪ್ ತಯಾರಿಸುವ ಮಾಮೂಲಿ ಕಾರ್ಖಾನೆಗಳಿಗೆ ಅದನ್ನು ಕಂಡರೆ ಆಗದು. ಅಲ್ಯೂಮಿನಿಯಂ ನೈಟ್ರೈಡ್ ಎಂಬ ಇನ್ನೊಂದು ಪೀಜೋ ವಸ್ತುವಿಗೆ ಆ ರಗಳೆ ಇಲ್ಲ, ಆದರೆ ಅದು ಬಾಗಿಸುವುದು ಕಮ್ಮಿ.

ಹತ್ತಾರು ಮೈಕ್ರಾನ್ ಆಡಬೇಕೇ, ನಿಧಾನವಾದರೂ ಪರವಾಗಿಲ್ಲವೇ? ಪೊರೆಯ ಹಿಂದೆ ಗಾಳಿಯ ಗೂಡು ಮುಚ್ಚಿ, ಒಳಗೊಂದು ಹೀಟರ್ ಇಡಿ. ಪೊರೆ ಪೂರಿಯ ಹಾಗೆ ಉಬ್ಬುತ್ತದೆ. ಆದರೆ ತಣಿಯುವವರೆಗೆ ಸುಮ್ನೆ ಕಾಯಬೇಕು, ಬ್ಯಾಟರಿಯೂ ಬೇಗ ಖಾಲಿ. ಸುರುಳಿ-ಅಯಸ್ಕಾಂತದ ದಾರಿಯೂ ಉಂಟು, ಅದು ಜಾಗ ತಿನ್ನುತ್ತದೆ.

ಕೊನೆಗೆ ಪರೀಕ್ಷೆ. ಸ್ಥಿರವಿದ್ಯುತ್ತಿನ ಪೊರೆಯಾದರೆ ವೋಲ್ಟೇಜನ್ನು ಮೆಲ್ಲಗೆ ಏರಿಸಿ, ಮೆಲ್ಲಗೆ ಇಳಿಸಿ. ಪೊರೆ ಕೆಳಗೆ ಕಚ್ಚುವ ವೋಲ್ಟೇಜ್ ಒಂದು, ಬಿಟ್ಟು ಮೇಲೇಳುವುದು ಅದಕ್ಕಿಂತ ಕಡಿಮೆ ವೋಲ್ಟೇಜಿನಲ್ಲಿ. ಎರಡನ್ನೂ ಬರೆದಿಡಿ.