ಮಂಗಟ್ಟೆಯ ಕಥೆಯನ್ನು ಎಲ್ಲ ಮಕ್ಕಳಿಗೂ ಹೇಳಿದ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿ ವಿಶೇಷಚೇತನ ಮಕ್ಕಳಿಗಾಗಿ ನಡೆಯುವ ಬೇಸಿಗೆ ಶಿಬಿರಕ್ಕೆ ಕಥೆ ಹೇಳಲು ಬರಬೇಕೆಂಬ ಆಹ್ವಾನ ಬಂದಾಗ, ಬರುವ ಮಕ್ಕಳಲ್ಲಿ ಯಾರು ಯಾವ ದಾರಿಯಿಂದ ಕಥೆಯನ್ನು ಒಳಗೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ತಿಳಿಸಿ ಎಂದು ಸಂಘಟಕರನ್ನು ಕೇಳಿಕೊಂಡೆ. ವಿಕಲಚೇತನರ ಹಕ್ಕುಗಳ ಕುರಿತ 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. ಅದರ ಜಾಗಕ್ಕೆ ಬಂದ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಹಕ್ಕು ಪಡೆಯಲು ಆ ಪಟ್ಟಿ ಅತ್ಯಗತ್ಯ. ಕಥೆ ಹೇಳುವವನಿಗೆ ಬೇಕಾದ ತಿಳಿವಳಿಕೆ ಮಾತ್ರ ಬೇರೆಯದು. ಕೆಲವರು ಬ್ರೈಲ್ ಓದುತ್ತಾರೆ, ಕೆಲವರು ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ, ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗ ಚಿತ್ರಫಲಕದ ಮೇಲೆ ಬೆರಳಿಟ್ಟು ತನ್ನ ಮಾತನ್ನು ಹೇಳುತ್ತಾನೆ, ಆಟಿಸಂ ಇರುವ ಇಬ್ಬರಿಗೆ ಹಠಾತ್ ಸದ್ದು ಆಗುವುದಿಲ್ಲ ಎಂಬ ಉತ್ತರ ಬಂದ ಮೇಲೆಯೇ ನಾನು ಕಥೆಯನ್ನು ಆರಿಸಿದ್ದು.

ಆರಿಸಿದ್ದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಸಂಸಾರವನ್ನು. ನಮ್ಮ ಮಲೆನಾಡಿನ ಕಾಡಿನಲ್ಲಿ ಬೇಸಿಗೆ ಈ ಹಕ್ಕಿ ಮರಿ ಮಾಡುವ ಕಾಲ. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಸೇರಿ, ಪೊಟರೆಯ ಬಾಯಿಯನ್ನು ತಾನೇ ಮೆತ್ತಿ ಮುಚ್ಚಿಕೊಂಡು, ಕೊಕ್ಕು ಹೊರಬರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಅತ್ತಿ, ಆಲದ ಹಣ್ಣುಗಳನ್ನು ತಂದು ಆ ಸೀಳಿನಿಂದಲೇ ಉಣಿಸುತ್ತದೆ. ದೊಡ್ಡ ಜಾತಿಯ ಮಂಗಟ್ಟೆ ಹಾರುವಾಗ ರೆಕ್ಕೆಗರಿಗಳ ಬುಡದ ಸಂದಿಯಲ್ಲಿ ಗಾಳಿ ನುಗ್ಗಿ, ಹಕ್ಕಿ ಕಾಣುವುದಕ್ಕೆ ಮೊದಲೇ ಅದರ ಸದ್ದು ಕೇಳಿಸುತ್ತದೆ. ಮುಟ್ಟುವುದಕ್ಕೆ, ಕೇಳುವುದಕ್ಕೆ, ನೋಡುವುದಕ್ಕೆ, ಮೂಸುವುದಕ್ಕೆ ಇಷ್ಟು ಒದಗಿಸುವ ಕಥೆ ನನಗೆ ಇನ್ನೊಂದು ಹೊಳೆಯಲಿಲ್ಲ.

ಊರಿನ ಕುಂಬಾರರೊಬ್ಬರು ಉದ್ದ ಸೀಳಿರುವ ಮಣ್ಣಿನ ಪೊಟರೆಯನ್ನು, ಮಗುವಿನ ತೋಳು ಹಿಡಿಸುವಷ್ಟು ಅಗಲವಾಗಿ, ಮಾಡಿಕೊಟ್ಟರು. ಒಳಗೆ ಒಣ ಎಲೆ, ಹತ್ತಿಯ ಮರಿ. ಕೊಕ್ಕನ್ನು ಹಗುರವಾದ ಮರದಲ್ಲಿ ಕೆತ್ತಿಸಿದೆ. ಅಡಿಕೆ ಹಾಳೆಯ ಬೀಸಣಿಗೆಯನ್ನು ಮುಖದ ಹತ್ತಿರ ಬೀಸಿದರೆ ಸದ್ದಿನೊಂದಿಗೆ ಗಾಳಿಯೂ ತಾಗುತ್ತದೆಯಾದ್ದರಿಂದ, ಕಿವಿ ಕೇಳಿಸದ ಮಕ್ಕಳಿಗೂ ಅಪ್ಪ ಹಕ್ಕಿ ಬಂದದ್ದು ಕೆನ್ನೆಯ ಮೇಲೆ ತಿಳಿಯುತ್ತಿತ್ತು. ಮಾಗಿದ ಅತ್ತಿಹಣ್ಣನ್ನು ಎಲ್ಲರ ಕೈಗೂ ಕೊಟ್ಟೆ.

ಸನ್ನೆ ಭಾಷೆಯ ಶಿಕ್ಷಕಿಯೊಂದಿಗೆ ಹಿಂದಿನ ಸಂಜೆ ಕುಳಿತು ಕಥೆಯನ್ನು ಪೂರ್ತಿ ಓದಿದ್ದು ಬಹಳ ಉಪಕಾರವಾಯಿತು. ಅವರು ಹೇಳಿದ ಒಂದು ಮಾತನ್ನು ಬರಹಗಾರರೆಲ್ಲ ತಿಳಿದಿರಬೇಕು: ಕಣ್ಣಿನಿಂದಲೇ ಮಾತನ್ನೂ ಕೇಳುವ ಮಗು ವಸ್ತುವನ್ನೂ ಸನ್ನೆಯನ್ನೂ ಒಟ್ಟಿಗೆ ನೋಡಲಾರದು. ಆದ್ದರಿಂದ ಕೊಕ್ಕನ್ನು ತೋರಿಸಿ, ಸುಮ್ಮನಿದ್ದು, ಮಕ್ಕಳ ಕಣ್ಣು ಶಿಕ್ಷಕಿಯ ಕಡೆಗೆ ತಿರುಗಿದ ನಂತರವೇ ಮುಂದಿನ ವಾಕ್ಯವನ್ನು ಹೇಳುತ್ತಿದ್ದೆ. ಕಿಟಕಿಯ ಬೆಳಕು ಶಿಕ್ಷಕಿಯ ಬೆನ್ನಿಗಲ್ಲ, ಮುಖಕ್ಕೂ ಕೈಗಳಿಗೂ ಬೀಳುವಂತೆ ಜಾಗ ಬದಲಿಸಿಕೊಂಡೆವು. ಆಟಿಸಂ ಇರುವ ಮಕ್ಕಳಿಗೆ ಏನಾದ ಮೇಲೆ ಏನು ಎಂಬುದನ್ನು ಚಿತ್ರದ ಕಾರ್ಡುಗಳಲ್ಲಿ ಮೊದಲೇ ತೋರಿಸಿದ್ದೆವು. ಮೇ ತಿಂಗಳ ಮಧ್ಯಾಹ್ನ ಗುಡುಗು, ತಗಡಿನ ಮಾಡಿನ ಮೇಲೆ ಮಳೆ ಯಾವಾಗ ಬೇಕಾದರೂ ಬರಬಹುದಾದ್ದರಿಂದ ಕಥೆಯನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಂಡೆವು.

ಕಥೆ ಮುಗಿದ ಮೇಲೆ ಚರ್ಚೆ ಜೋರಾಗಿಯೇ ನಡೆಯಿತು. ಅಮ್ಮ ಹಕ್ಕಿ ಸೆರೆಯಲ್ಲಿದೆಯೆಂದು ಒಬ್ಬಳು, ಬಾಗಿಲು ಹಾಕಿಕೊಂಡದ್ದು ಅವಳೇ ಅಲ್ಲವೇ ಎಂದು ಇನ್ನೊಬ್ಬಳು ವಾದ ಹೂಡಿದರು. ಚಿತ್ರಫಲಕದ ಹುಡುಗ ಆ ಹೊತ್ತಿಗೆ ಬೆರಳನ್ನು ನಿಧಾನವಾಗಿ ಜರುಗಿಸುತ್ತಿದ್ದ. ಅವನ ವಾಕ್ಯವನ್ನು ಪಕ್ಕದವರು ಊಹಿಸಿ ಮುಗಿಸಬಾರದೆಂದು ನಾವೆಲ್ಲ ಮೊದಲೇ ಒಪ್ಪಿಕೊಂಡಿದ್ದೆವು. ಕಾಯುವುದು ದೊಡ್ಡವರಿಗೇ ಕಷ್ಟ, ಮಕ್ಕಳು ಸಹಜವಾಗಿ ಕಾದರು. ಅವನು ತೋರಿಸಿದ್ದು ‘ಅಪ್ಪ’, ‘ಊಟ’, ‘ಯಾರು’ ಎಂಬ ಮೂರು ಚಿತ್ರಗಳನ್ನು. ಎಲ್ಲರಿಗೂ ಉಣಿಸುವ ಅಪ್ಪನಿಗೆ ಉಣಿಸುವವರು ಯಾರು? ಎಷ್ಟೋ ಮಂದಿ ದೊಡ್ಡವರೊಂದಿಗೆ ಈ ಕಥೆಯನ್ನು ಹಂಚಿಕೊಂಡಿದ್ದರೂ ಯಾರೂ ಆ ಪ್ರಶ್ನೆ ಎತ್ತಿರಲಿಲ್ಲ. ಅಪ್ಪ ಹಕ್ಕಿ ಅತ್ತಿಮರದಲ್ಲಿ ತಾನೂ ತಿಂದು, ಉಳಿದ ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಹಾರುವ ಭಾಗವನ್ನು ನಾನು ಈಗ ಕಥೆಗೆ ಸೇರಿಸಿದ್ದೇನೆ.

ಈ ಕಥೆಯ ಬ್ರೈಲ್ ಪ್ರತಿಯ ಕೆಲಸದಿಂದ ನಾನು ಕಲಿತದ್ದನ್ನು ಇತರ ಲೇಖಕರಿಗೆ ಹೇಳಲೇಬೇಕು. ಭಾರತೀಯ ಭಾಷೆಗಳ ಬ್ರೈಲ್ ಪದ್ಧತಿಯಾದ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. 6 ಚುಕ್ಕಿಗಳ ಮನೆಗಳು ಒಂದರ ಪಕ್ಕ ಒಂದು ಸಾಲಾಗಿ ಬರುತ್ತವೆ. ಇದನ್ನು ತಂತ್ರಾಂಶವೇ ಪರಿವರ್ತಿಸಿಕೊಡುತ್ತದೆ, ಆದರೆ ಕಡತ ಎಲ್ಲ ಗಣಕಗಳೂ ಒಂದೇ ರೀತಿ ಗುರುತಿಸುವ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟುಗಳಲ್ಲಿ ಅಕ್ಷರಜೋಡಣೆಯಾದ ಪುಸ್ತಕ ಬ್ರೈಲ್ ಮುದ್ರಕಕ್ಕಾಗಲಿ, ಗಣಕಯಂತ್ರದಲ್ಲಿ ಓದಿ ಹೇಳುವ ತಂತ್ರಾಂಶಕ್ಕಾಗಲಿ ಅರ್ಥವಾಗುವುದಿಲ್ಲ. ಇಂಥ ಪ್ರತಿ ಮಾಡಲು 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶ ನೀಡಿದೆ. ದೃಷ್ಟಿಹೀನರಿಗೆ ಓದಲಾಗುವ ಪ್ರತಿಗಳು ಸಿಗಲು ಅನುವು ಮಾಡುವ 2013ರ ಮರಾಕೆಶ್ ಅಂತರರಾಷ್ಟ್ರೀಯ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶವೂ ನಮ್ಮದೇ. ಕಾನೂನು ಅಡ್ಡಿಯಿಲ್ಲದಿರುವಾಗ ಕಡತ ಸಿಗದೆ ಕೆಲಸ ನಿಲ್ಲುವುದು ನನಗೆ ಸಹಿಸಲಾಗದ ಸಂಗತಿ. ನನ್ನ ಹಳೆಯ ಮಕ್ಕಳ ಪುಸ್ತಕಗಳನ್ನೆಲ್ಲ ಈಗ ಯೂನಿಕೋಡ್‌ಗೆ ಬದಲಿಸಿ, ಒಂದೊಂದಾಗಿ ತಿದ್ದಿ, ಶಿಬಿರದ ಶಿಕ್ಷಕರಿಗೆ ಕಳಿಸುತ್ತಿದ್ದೇನೆ.