ಇಂಕ್‌ಬೆರಿ ಬೇಲಿ: ಬುಡ ಬೋಳಾಗದಂತೆ ಸವರುವುದು ಹೇಗೆ?

ಇಲ್ಲಿ ನ್ಯೂಜೆರ್ಸಿಯಲ್ಲಿ ಗೆಳೆಯರ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಬಾಗಿಲ ಪಕ್ಕದ ಇಂಕ್‌ಬೆರಿ ಗಿಡಗಳ ಮೇಲೆ ಬೀಳುತ್ತದೆ. ಮೇಲೆ ಹಸಿರು ಕೊಡೆ, ಕೆಳಗೆ ಬರೀ ಕಡ್ಡಿ. "ಈ ಗಿಡವೇ ಹಿಂಗೆ" ಅನ್ನುತ್ತಾರೆ. ಬುಡ ಬೋಳಾಗುವ ಗುಣ ಇದಕ್ಕೆ ಇರುವುದು ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ತಪ್ಪು ಕತ್ತರಿ ಹಿಡಿದವರದ್ದು.

ಇದು 'ಹಾಲಿ' (holly) ಎಂಬ ಗಿಡಗಳ ಕುಲದ ನಿತ್ಯಹಸಿರು ಪೊದೆ. ಎಲೆಗೆ ಮುಳ್ಳಿಲ್ಲ. ಕೆನಡಾದ ನೋವಾಸ್ಕೋಷಿಯಾದಿಂದ ಫ್ಲಾರಿಡಾದವರೆಗೆ ಕರಾವಳಿ ಬಯಲಿನ ಜೌಗು ನೆಲವೇ ಇದರ ತವರು. ನಮ್ಮ ಪೈನ್ ಬ್ಯಾರೆನ್ಸ್ ಕಾಡಿನಲ್ಲೂ ತಾನಾಗಿ ಬೆಳೆಯುತ್ತದೆ. ಬಾಕ್ಸ್‌ವುಡ್ ಎಂಬ ಬೇಲಿ ಗಿಡಗಳನ್ನು ತಿನ್ನುವ ಬ್ಲೈಟ್ ಎಂಬ ಶಿಲೀಂಧ್ರ ರೋಗ 2011ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತಲ್ಲ, ಆಮೇಲೆ ಅದರ ಬದಲಿಗೆ ಇದನ್ನು ನೆಡುವವರು ಹೆಚ್ಚಾದರು.

ಕೊಳ್ಳುವಾಗ ಗಂಡೋ ಹೆಣ್ಣೋ ಕೇಳಿ. ಕಪ್ಪು ಹಣ್ಣು ಬಿಡುವುದು ಹೆಣ್ಣು ಗಿಡ ಮಾತ್ರ, ಅದೂ ಹತ್ತಿರದಲ್ಲಿ ಗಂಡು ಗಿಡವಿದ್ದರೆ. 'ಶ್ಯಾಮ್‌ರಾಕ್', 'ಕಾಂಪ್ಯಾಕ್ಟಾ' ತಳಿಗಳೆರಡೂ ಹೆಣ್ಣು. ನಾನಂತೂ 'ಶ್ಯಾಮ್‌ರಾಕ್' ಬಿಟ್ಟು ಬೇರೆ ನೆಡುವುದಿಲ್ಲ.

ನೆಡುವುದು ಸುಲಭ. ಕುಂಡದಷ್ಟೇ ಆಳ, ಎರಡು ಪಟ್ಟು ಅಗಲದ ಗುಂಡಿ, ಸುತ್ತಿಕೊಂಡ ಬೇರು ಬಿಡಿಸಿ, ಮೂರಡಿ ಅಂತರ, ಮೊದಲ ಬೇಸಿಗೆ ನೀರು. ನೀರು ನಿಲ್ಲುವ ಮೂಲೆಯಾದರೂ ಪರವಾಗಿಲ್ಲ.

ಸುಣ್ಣ ಮಾತ್ರ ಹತ್ತಿರ ಸುಳಿಯಬಾರದು. ಇದಕ್ಕೆ ಹುಳಿ ಮಣ್ಣು ಬೇಕು. ನಮ್ಮಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವನು ಲಾನಿಗೆಂದು ತಂದ ಸುಣ್ಣವನ್ನು ಬೇಲಿಯ ಬುಡಕ್ಕೂ ಎರಚಿ ಹೋದ. ಬರಬರುತ್ತಾ ಎಲೆ ಹಳದಿ, ನರ ಮಾತ್ರ ಹಸಿರು. ಕಳೆ ಬಾರದಂತೆ ಬುಡಕ್ಕೆ ಹಾಸುವ ಕಪ್ಪು ಬಟ್ಟೆಯನ್ನೂ ಕೊಳ್ಳಬೇಡಿ, ದುಡ್ಡು ದಂಡ. ಇಂಕ್‌ಬೆರಿ ನೆಲದೊಳಗಿನಿಂದ ಮರಿ ಎಬ್ಬಿಸಿ ಬೇಲಿಯ ಸಂದು ತುಂಬುತ್ತದೆ, ಆ ಬಟ್ಟೆ ಅದನ್ನೇ ತಡೆಯುತ್ತದೆ.

ಈಗ ಸವರುವ ವಿಷಯ. ಕರೆಂಟಿನ ಟ್ರಿಮ್ಮರನ್ನು ಗ್ಯಾರೇಜಿನಲ್ಲೇ ಬಿಡಿ. ಅದು ಎಲ್ಲ ತುದಿಗಳನ್ನೂ ಒಂದೇ ಮಟ್ಟಕ್ಕೆ ಕತ್ತರಿಸುತ್ತದೆ. ಪ್ರತಿ ತುದಿಯಲ್ಲೂ ನಾಲ್ಕೈದು ಚಿಗುರು ಒತ್ತಾಗಿ ಬಂದು ಹೊರಗೊಂದು ದಟ್ಟ ಚಿಪ್ಪು ಕಟ್ಟುತ್ತದೆ. ಒಳಗೆ ಬೆಳಕಿಲ್ಲ. ಬೆಳಕು ಬೀಳದ ಕಡೆ ಎಲೆ ಉಳಿಯುತ್ತದೆಯೇ?

ಕೈಕತ್ತರಿ ಹಿಡಿಯಿರಿ. ಮಾರ್ಚ್‌ನಲ್ಲಿ, ಹೊಸ ಚಿಗುರು ಹೊರಡುವ ಮೊದಲು. ಶರತ್ಕಾಲದಲ್ಲಿ ಬೇಡ, ಆಗ ಬರುವ ಎಳೆ ಚಿಗುರನ್ನು ಹಿಮ ಸುಡುತ್ತದೆ. ಮೊದಲು ಮಂಡಿಯೂರಿ ಕೂತು ಬುಡ ನೋಡಿ. ಅತಿ ದಪ್ಪದ, ಹಳೆಯ ಕಾಂಡಗಳನ್ನು ಗುರುತಿಸಿ, ಮೂರರಲ್ಲಿ ಒಂದನ್ನು ನೆಲಮಟ್ಟದಲ್ಲೇ ತೆಗೆಯಿರಿ. ಅರ್ಧಕ್ಕೆ ಕತ್ತರಿಸಿ ಮೊಂಡು ಬಿಡಬೇಡಿ. ಕಾಫಿ ತೋಟದ ಕಪಾತು ನೋಡಿದ್ದೀರಲ್ವಾ, ಹಾಗೆ: ಗಿಡದ ನಡುವೆ ಬೆಳಕು ಇಳಿಯಬೇಕು. ಮುಂದಿನ ಎರಡು ವರ್ಷ ಉಳಿದ ಹಳೆಯ ಕಾಂಡಗಳನ್ನೂ ಹೀಗೇ ತೆಗೆದರೆ ಇಡೀ ಗಿಡ ಹೊಸದಾಗುತ್ತದೆ.

ಆಮೇಲೆ ಮೇಲ್ಭಾಗ. ಉದ್ದ ಬಂದ ರೆಂಬೆಗಳನ್ನು ಒಂದೊಂದಾಗಿ, ಒಳಗಿನ ಕವಲಿನವರೆಗೆ ಹಿಂದಕ್ಕೆ ಕತ್ತರಿಸಿ, ಒಂದು ಗೇಣು, ಇನ್ನೊಂದು ಅರ್ಧ ಗೇಣು. ಆಕಾರ ಮಗುಚಿದ ಬಕೆಟ್ಟಿನ ಹಾಗಿರಲಿ: ತಲೆ ಕಿರಿದು, ಬುಡ ಅಗಲ. ಜನ ಮಾಡುವುದು ಇದಕ್ಕೆ ಉಲ್ಟಾ.

ಹಣ್ಣಿನ ಬಗ್ಗೆ ಒಂದು ಮಾತು. ನೋಡಲು ಥೇಟ್ ನಮ್ಮೂರ ಗಣಿಕೆ ಹಣ್ಣು. ಊರಿಂದ ಬಂದ ಅಜ್ಜಿ ಕಿತ್ತು ಮೊಮ್ಮಗನ ಬಾಯಿಗೆ ಹಾಕಿಯಾರು, ಮೊದಲೇ ಹೇಳಿಡಿ. ಇದು ಹಕ್ಕಿಗಳಿಗೆ, ನಮಗಲ್ಲ.

ಸವರಿದ ಮೇಲೆ ಎರಡು ತಿಂಗಳು ಗಿಡ ಮೇಕೆ ಮೇಯ್ದಂತೆ ಕಾಣುತ್ತದೆ. ಸುಮ್ನೆ ಬಿಡಿ. ಜೂನ್ ಹೊತ್ತಿಗೆ ಬುಡದಲ್ಲಿ ಚಿಗುರು ಕಾಣುತ್ತದೆ.