ನೆರೆ ಬರುವ ಮುನ್ನ ವಾರ್ಡಿನ ಯೋಜನೆ: ನಿವಾಸಿಗಳು ಪಾಲ್ಗೊಳ್ಳುವುದು ಹೇಗೆ?

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ, ಉಕ್ಕಿ ಹರಿಯುವಂತಹ ದೊಡ್ಡ ನದಿಯೊಂದೂ ಇಲ್ಲದ ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ ಮೊದಲ ವಾರ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಮನೆಗಳಿಂದ ಹೊರತರಬೇಕಾಯಿತು. ಅದೇ ಮಳೆಯಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ನೀರು ನುಗ್ಗಿದ್ದರಿಂದ ನಗರದ ಹಲವು ಭಾಗಗಳಿಗೆ ಕಾವೇರಿ ನೀರೂ ನಿಂತಿತು. ಬೆಳ್ಳಂದೂರು, ಮಹದೇವಪುರ ಕಡೆಯ ಯಾವ ತಿರುವಿನಲ್ಲಿ ಮೊದಲು ನೀರು ನಿಲ್ಲುತ್ತದೆ, ಯಾವ ಮೋರಿ ಕಟ್ಟಿಕೊಳ್ಳುತ್ತದೆ ಎಂಬುದು ಅಲ್ಲಿನ ನಿವಾಸಿಗಳಿಗೆ ವರ್ಷಗಳಿಂದ ಗೊತ್ತಿರುವ ಸಂಗತಿ. ಆ ತಿಳಿವಳಿಕೆಯನ್ನು ಯೋಜನೆ ಮುದ್ರಣವಾದ ಮೇಲೆ ಆಕ್ಷೇಪಣೆಯ ರೂಪದಲ್ಲಿ ಕೇಳುವ ಬದಲು, ಯೋಜನೆಯ ಮೊದಲ ಗೆರೆ ಎಳೆಯುವಾಗಲೇ ಸೇರಿಸಿಕೊಳ್ಳುವುದು ಹೇಗೆಂದು ಇಲ್ಲಿ ವಿವರಿಸಲಾಗಿದೆ.

ಯಾರ ಬಳಿ ಹೋಗಬೇಕು

ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾ ಯೋಜನೆ ಸಿದ್ಧಪಡಿಸುವ ಹೊಣೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರದ್ದು. 2025ರ ತಿದ್ದುಪಡಿಯು ರಾಜ್ಯಗಳ ರಾಜಧಾನಿಗಳಿಗೆ ಮತ್ತು ಮಹಾನಗರ ಪಾಲಿಕೆಗಳಿರುವ ನಗರಗಳಿಗೆ ಆಯುಕ್ತರ ನೇತೃತ್ವದ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ಅವಕಾಶ ಕೊಟ್ಟಿದೆ. ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದೆ. ನಿವಾಸಿಗಳಿಗೆ ಅತಿ ಹತ್ತಿರದ ಬಾಗಿಲು ಇದೇ. ಸಮಿತಿ ನಿಯಮಿತವಾಗಿ ಸೇರದ ಕಡೆ ವಾರ್ಡಿನ ಎಂಜಿನಿಯರ್ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಕೆಲಸ ಆರಂಭಿಸಬಹುದು.

ಮೊದಲ ಸಭೆ ತಗ್ಗಿನಲ್ಲಿ ನಡೆಯಲಿ

ಸಾಮಾನ್ಯವಾಗಿ ಇಂತಹ ಸಭೆಗಳು ಬಡಾವಣೆಯ ಸಂಘದ ಕಟ್ಟಡದಲ್ಲಿ, ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುತ್ತವೆ. ಬರುವವರು ನಿವೃತ್ತರು ಮತ್ತು ಸ್ವಂತ ಮನೆಯುಳ್ಳವರು. ಅವರ ಅನುಭವ ಬೇಕೇ ಬೇಕು, ಆದರೆ ರಾಜಕಾಲುವೆಯ ಅಂಚಿನ ಒಂದೇ ಕೋಣೆಯ ಮನೆಯಲ್ಲಿ ಬಾಡಿಗೆಗಿರುವ ಗಾರ್ಮೆಂಟ್ಸ್ ಕೆಲಸಗಾರ್ತಿ, ಶೆಡ್‌ನಲ್ಲಿರುವ ಕಟ್ಟಡ ಕಾರ್ಮಿಕ, ನಸುಕಿನಲ್ಲೇ ಬೀದಿಗಿಳಿಯುವ ಪೌರಕಾರ್ಮಿಕರು ಅಲ್ಲಿ ಇರುವುದಿಲ್ಲ. ನೀರು ಮೊದಲು ನುಗ್ಗುವುದು ಅವರ ಮನೆಗೆ. ಆದ್ದರಿಂದ ಮೊದಲ ಸಭೆಯನ್ನು ವಾರ್ಡಿನ ಅತ್ಯಂತ ತಗ್ಗಿನ ಬೀದಿಯಲ್ಲಿ, ಅಂಗನವಾಡಿ ಅಥವಾ ಸರ್ಕಾರಿ ಶಾಲೆಯ ಜಗುಲಿಯಲ್ಲಿ, ಭಾನುವಾರ ಸಂಜೆ ಕರೆಯುವುದು ಒಳ್ಳೆಯದು. ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘದ ಸದಸ್ಯೆಯರು ಮನೆಮನೆಗೆ ಹೋಗಿ ಕರೆದರೆ ಜನ ಬರುತ್ತಾರೆ. ಕಂಬಕ್ಕೆ ಅಂಟಿಸಿದ ನೋಟಿಸ್ ನೋಡಿ ಬರುವವರು ಕಡಿಮೆ. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಹಿಂದಿಯಲ್ಲೂ ಮಾತನಾಡಿಸುವವರು ಬೇಕಾಗುತ್ತಾರೆ.

ಕಾಲುವೆಯ ಜೊತೆ ನಡೆಯಿರಿ

ಇಡೀ ಕೆಲಸದಲ್ಲಿ ಹೆಚ್ಚಿನ ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ಬೆಂಗಳೂರಿನ ಮಳೆನೀರು ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಕೆರೆಗಳು ಸರಪಣಿಯಂತೆ ಜೋಡಣೆಯಾಗಿದ್ದು, ಒಂದರ ಕೋಡಿ ಬಿದ್ದ ನೀರು ಮುಂದಿನದಕ್ಕೆ ಹೋಗುತ್ತದೆ: ಮಡಿವಾಳದಿಂದ ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ, ಮುಂದೆ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಹೀಗಿರುವಾಗ ವಾರ್ಡಿನ ಗಡಿ ಮುಗಿದಲ್ಲಿಗೆ ನಡಿಗೆಯನ್ನು ನಿಲ್ಲಿಸಿದರೆ ಪ್ರಯೋಜನವಿಲ್ಲ. ಮೇಲಿನ ಮತ್ತು ಕೆಳಗಿನ ವಾರ್ಡುಗಳ ಒಬ್ಬಿಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಬೇಕು.

ಹತ್ತು ಹನ್ನೆರಡು ಜನರ ಗುಂಪು, ಒಬ್ಬ ಎಂಜಿನಿಯರ್, ಅಳತೆ ಟೇಪು, ಬಣ್ಣದ ಪೆನ್ನುಗಳು ಮತ್ತು ದೊಡ್ಡ ಅಳತೆಯ ಬೀದಿ ನಕ್ಷೆಯ ಪ್ರತಿ ಇದ್ದರೆ ಸಾಕು. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳೆಯ ಕಾಲುವೆಗಳ ಜಾಡು ಕಾಣುತ್ತದೆ; ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರನ್ನೂ ನೋಡಬಹುದು. ಕಿರು ಸೇತುವೆಯ ಕೆಳಗೆ ಅಡ್ಡಲಾಗಿ ಹಾಯ್ದ ನೀರಿನ ಪೈಪು, ಅದಕ್ಕೆ ಸಿಕ್ಕಿಕೊಂಡ ಹಾಸಿಗೆ ಮತ್ತು ಪ್ಲಾಸ್ಟಿಕ್ ಚೀಲಗಳು, ಅಗಲವಾದ ಕಾಲುವೆ ಇದ್ದಕ್ಕಿದ್ದಂತೆ ಕಿರಿದಾಗುವ ಜಾಗ, ಕುಸಿದ ತಡೆಗೋಡೆ, ಮುಚ್ಚಳವಿಲ್ಲದ ಮೋರಿ, ಇವೆಲ್ಲವನ್ನೂ ಫೋಟೊ ತೆಗೆದು ನಕ್ಷೆಯಲ್ಲಿ ಗುರುತಿಸಬೇಕು.

ನಡಿಗೆಯ ನಡುವೆ ಮನೆಗಳ ಒಳಗೂ ಹೋಗಿ, ಮನೆಯವರು ಒಪ್ಪಿದರೆ, ಅಳತೆ ತೆಗೆದುಕೊಳ್ಳಿ. ತಗ್ಗಿನ ಮನೆಗಳ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಂದು ಗೆರೆಯೊಂದು ಉಳಿದಿರುತ್ತದೆ. ಸುಣ್ಣ ಬಳಿದರೂ ಕಬ್ಬಿಣದ ಬೀರುವಿನ ಕಾಲಿಗೆ ಹಿಡಿದ ತುಕ್ಕು ನೀರು ಬಂದಿದ್ದ ಎತ್ತರವನ್ನು ಹೇಳುತ್ತದೆ. ನೆಲದಿಂದ ಆ ಗುರುತಿನವರೆಗೆ ಅಳೆದು, ಯಾವ ವರ್ಷದ ಯಾವ ಮಳೆ, ನೀರು ಎಷ್ಟು ಹೊತ್ತು ನಿಂತಿತ್ತು, ಯಾವ ದಿಕ್ಕಿನಿಂದ ಬಂತು, ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಚರಂಡಿ ನೀರು ಸೇರಿತೇ ಎಂದು ಕೇಳಿ ಬರೆದುಕೊಳ್ಳಬೇಕು. ‘ಇಲ್ಲಿ ನೀರು ನಿಲ್ಲುತ್ತದೆ’ ಎಂಬ ದೂರು ಕಡತದಲ್ಲಿ ಕಳೆದುಹೋಗಬಹುದು. ‘ಈ ಬಾಗಿಲಲ್ಲಿ 55 ಸೆಂಟಿಮೀಟರ್ ನೀರು, ಆರು ತಾಸು’ ಎಂಬಂತಹ ದಾಖಲೆಯನ್ನು ಯಾವ ಎಂಜಿನಿಯರ್ ಕೂಡ ಸುಲಭವಾಗಿ ತಳ್ಳಿಹಾಕಲಾರರು.

ಒತ್ತುವರಿಯ ವಿಷಯ ಈ ಹಂತದಲ್ಲಿ ಖಂಡಿತ ಬರುತ್ತದೆ. ತೆರವಿನ ಭಯವಿರುವವರು ಬಾಯಿ ಬಿಡುವುದಿಲ್ಲ. ಈ ನಡಿಗೆ ನೀರಿನ ಲೆಕ್ಕಕ್ಕೆ ಮಾತ್ರ, ಯಾರ ಮನೆಯ ಹಕ್ಕುಪತ್ರವನ್ನೂ ಕೇಳುವುದಿಲ್ಲ ಎಂದು ಮೊದಲೇ ಹೇಳಿ, ಆ ಮಾತನ್ನು ಉಳಿಸಿಕೊಳ್ಳಬೇಕು. ಕಾಲುವೆಯ ಮೇಲಿನ ಮನೆಗಳನ್ನು ಸ್ಥಳಾಂತರಿಸಲೇಬೇಕಾದರೆ ಅದನ್ನು ಪುನರ್ವಸತಿಯ ಪ್ರಶ್ನೆಯಾಗಿ ಆ ಕುಟುಂಬಗಳ ಎದುರಿನಲ್ಲೇ ಚರ್ಚಿಸುವುದು ನ್ಯಾಯ.

ನಕ್ಷೆಯಿಂದ ಯೋಜನೆಗೆ

ಗುರುತುಗಳನ್ನೆಲ್ಲ ಒಂದೇ ನಕ್ಷೆಗೆ ಇಳಿಸಿ, ಅದೇ ತಗ್ಗಿನ ಬೀದಿಗೆ ಮರಳಿ ತಂದು, ಜನರ ಮುಂದೆ ಹರಡಿ ತಿದ್ದಿಸಬೇಕು. ಆಮೇಲೆ ಕೆಲಸಗಳನ್ನು ಎರಡಾಗಿ ಬೇರ್ಪಡಿಸಿ. ಹೂಳೆತ್ತುವುದು, ಪೈಪನ್ನು ಬದಲಿ ದಾರಿಯಲ್ಲಿ ಒಯ್ಯುವುದು, ಕಿರು ಸೇತುವೆ ಎತ್ತರಿಸುವುದು ಪಾಲಿಕೆಯ ಕೆಲಸ. ಇವುಗಳ ಪಟ್ಟಿ ಬಜೆಟ್ ಸಿದ್ಧತೆಯ ಹೊತ್ತಿಗೆ, ಅಂದರೆ ಮುಂಗಾರಿಗೆ ಹಲವು ತಿಂಗಳು ಮೊದಲೇ, ವಾರ್ಡ್ ಸಮಿತಿಯ ನಡಾವಳಿಯಲ್ಲಿ ದಾಖಲಾಗಬೇಕು. ಮೇ ತಿಂಗಳಲ್ಲಿ ಕೊಟ್ಟ ಮನವಿ ಆ ವರ್ಷದ ಮಳೆಗೆ ಒದಗುವುದು ಅಪರೂಪ. ಕಾಮಗಾರಿಯ ಅಂದಾಜುಪಟ್ಟಿ ಮತ್ತು ಹೂಳೆತ್ತಿದ ದಿನಾಂಕಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ಪಡೆಯಬಹುದು.

ಎರಡನೆಯದು ಬೀದಿಯವರೇ ನಿಭಾಯಿಸಬೇಕಾದ ಕೆಲಸ. ಒಂಟಿಯಾಗಿರುವ ವೃದ್ಧರು, ಗಾಲಿಕುರ್ಚಿ ಬಳಸುವವರು, ಗರ್ಭಿಣಿಯರು, ಆಮ್ಲಜನಕದ ಯಂತ್ರ ಅವಲಂಬಿಸಿದವರು ಎಲ್ಲಿದ್ದಾರೆ, ಅವರನ್ನು ಕರೆದೊಯ್ಯುವ ಇಬ್ಬರು ಯಾರು ಎಂಬುದನ್ನು ಮುಂಚೆಯೇ ನಿಗದಿ ಮಾಡಿ, ಆ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕದೆ ಇಬ್ಬರು ನಂಬಿಕಸ್ಥರ ಬಳಿ ಇಡಬೇಕು. 1995ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಭೂಕಂಪವಾದಾಗ ಅವಶೇಷಗಳಡಿ ಸಿಲುಕಿದ್ದ ಹೆಚ್ಚಿನವರನ್ನು ಹೊರತೆಗೆದವರು ಮನೆಯವರು ಮತ್ತು ಅಕ್ಕಪಕ್ಕದವರು. ನೀರು ಬಂದಾಗಲೂ ಮೊದಲ ಒಂದೆರಡು ತಾಸು ಅವರನ್ನೇ ನಂಬಬೇಕಾಗುತ್ತದೆ. ವಿದ್ಯುತ್ ಮುಖ್ಯ ಸ್ವಿಚ್ ಆರಿಸುವವರು ಯಾರು, ಆಧಾರ್, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾರೆಯೇ ಎಂಬಷ್ಟು ಸಣ್ಣ ವಿಷಯವೂ ಇಲ್ಲಿ ಸೇರಬೇಕು.

ಮುನ್ಸೂಚನೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಮತ್ತು ಮೇಘಸಂದೇಶ ಆ್ಯಪ್ ಇವೆ. ಮಾಹಿತಿ ಮೊಬೈಲಿಗೆ ಬಂದ ಮೇಲೆ ಮುಂದೇನು ಎಂಬುದನ್ನು ಬೀದಿಯೇ ತೀರ್ಮಾನಿಸಿರಬೇಕು: ಸೇತುವೆಯ ಕಂಬಕ್ಕೆ ಬಳಿದ ಹಳದಿ ಪಟ್ಟೆ ಮುಟ್ಟಿದರೆ ವಾಹನಗಳನ್ನು ಮೇಲಕ್ಕೆ ಒಯ್ಯುವುದು, ಕೆಂಪು ಪಟ್ಟೆ ಮುಟ್ಟಿದರೆ ಶಾಲೆಗೆ ಹೊರಡುವುದು. ರಾತ್ರಿ ಎರಡು ಗಂಟೆಗೆ ಶಾಲೆಯ ಬೀಗದ ಕೈ ಯಾರ ಬಳಿ ಸಿಗುತ್ತದೆ ಎಂಬುದು ಒಮ್ಮೆ ಅಣಕು ಕಾರ್ಯಾಚರಣೆ ನಡೆಸಿ ನೋಡಿದಾಗ ಮಾತ್ರ ತಿಳಿಯುತ್ತದೆ.

ಜೋರು ಮಳೆಯೊಂದು ಬಂದು ಹೋದ ಮರುದಿನವೇ, ಗೋಡೆಯ ಗೆರೆ ಇನ್ನೂ ಹಸಿಯಾಗಿರುವಾಗ, ಅದೇ ಗುಂಪು ಅದೇ ಟೇಪು ಹಿಡಿದು ಅದೇ ಮನೆಗಳಿಗೆ ಹೋಗಿ ಹೊಸ ಅಳತೆಯನ್ನು ಹಳೆಯದರ ಪಕ್ಕದಲ್ಲಿ ದಿನಾಂಕದೊಂದಿಗೆ ಬರೆಯಬೇಕು. ತಿದ್ದಿದ ನಕ್ಷೆಯ ಒಂದು ಪ್ರತಿ ವಾರ್ಡ್ ಕಚೇರಿಗೆ, ಇನ್ನೊಂದು ಅಂಗನವಾಡಿಯ ಗೋಡೆಗೆ.